ಮೆದುಳು ತಾನೇ ಮಾಡಿಕೊಳ್ಳುವ ಈಸ್ಟ್ರೋಜನ್: ಮುಳ್ಳು ಎಣಿಸುತ್ತಾ ನಾನು ಕಲಿತದ್ದು

ಮಂಗಳೂರಿನ ಮಳೆಗಾಲದಲ್ಲಿ ಗಾಲ್ಗಿ ಸ್ಟೇನಿಂಗ್ (ನರಕೋಶಗಳಿಗೆ ಕಪ್ಪು ಬಣ್ಣ ಹಿಡಿಸುವ ವಿಧಾನ) ಮಾಡಲು ಹೊರಟರೆ ಮೊದಲು ಕೈಕೊಡುವುದು ಆಲ್ಕೋಹಾಲ್. ಅದು ಜುಲೈ ತಿಂಗಳು. ಇಲಿಯ ಮೆದುಳಿನ ಚೂರುಗಳನ್ನು ಸ್ಲೈಡಿಗೆ ಅಂಟಿಸಿ, ಆಲ್ಕೋಹಾಲಿನಲ್ಲಿಟ್ಟು ನೀರಿನಂಶ ತೆಗೆದು, ಝೈಲೀನಿಗೆ ಇಳಿಸಿದೆ. ಝೈಲೀನ್ ನೀರಿನೊಂದಿಗೆ ಬೆರೆಯದ ದ್ರಾವಕ. ನೀರು ಉಳಿದಿತ್ತು, ಅದು ಗಂಜಿ ತೆಳಿಯ ಹಾಗೆ ಬೆಳ್ಳಗಾಯಿತು. ಮೂರು ವಾರದ ಕೆಲಸ ಅಷ್ಟಕ್ಕೇ ಮುಗಿಯಿತು.

ನಾನು ಇಲ್ಲಿನ ಒಂದು ಮೆಡಿಕಲ್ ಕಾಲೇಜಿನಲ್ಲಿ ಅನಾಟಮಿ ಕಲಿಸುತ್ತೇನೆ. ಪಿಎಚ್‌ಡಿಗೆ ನಾನು ಹಿಡಿದ ಪ್ರಶ್ನೆ ಇದು: ಅಂಡಾಶಯ ತೆಗೆದ ಮೇಲೂ ಮೆದುಳು ತನಗೆ ಬೇಕಾದ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನನ್ನು ಮಾಡಿಕೊಳ್ಳುತ್ತದೆ. ಅದನ್ನೂ ನಿಲ್ಲಿಸಿದರೆ ನೆನಪಿನ ಜಾಗಕ್ಕೆ ಏನಾಗುತ್ತದೆ?

ಹಾರ್ಮೋನ್ ಅಂದರೆ ಯಾವುದೋ ಗ್ರಂಥಿಯಲ್ಲಿ ತಯಾರಾಗಿ ರಕ್ತದಲ್ಲಿ ಬರುವುದು ಎಂದೇ ನಾವೆಲ್ಲ ಓದಿದ್ದು. 1981ರಲ್ಲಿ ಫ್ರಾನ್ಸಿನ ಎತಿಯೆನ್-ಎಮಿಲ್ ಬೋಲ್ಯೂ ಅವರ ತಂಡ ಇಲಿಗಳಲ್ಲಿ ಸ್ಟೀರಾಯ್ಡ್ ಹಾರ್ಮೋನ್ ಮಾಡುವ ಅಡ್ರಿನಲ್ ಗ್ರಂಥಿ, ವೃಷಣ ಎರಡನ್ನೂ ತೆಗೆದು ನೋಡಿತು. ಆದರೂ ಮೆದುಳಿನಲ್ಲಿ ಡಿಎಚ್‌ಇಎ ಸಲ್ಫೇಟ್ ಎಂಬ ಸ್ಟೀರಾಯ್ಡ್ ಉಳಿದೇ ಇತ್ತು. ಹೊರಗಿಂದ ಬಂದದ್ದಲ್ಲ ಅಂದಮೇಲೆ ಒಳಗೇ ಆಗಿರಬೇಕು ಅಲ್ವಾ? ಇಂಥವಕ್ಕೆ ಬೋಲ್ಯೂ ನ್ಯೂರೋಸ್ಟೀರಾಯ್ಡ್ ಎಂದು ಹೆಸರಿಟ್ಟರು. ಮೆದುಳು ಕೊಲೆಸ್ಟ್ರಾಲಿನಿಂದ ಶುರು ಮಾಡಿ ಹಂತ ಹಂತವಾಗಿ ಇವನ್ನು ಮಾಡಿಕೊಳ್ಳುತ್ತದೆ. ಈಸ್ಟ್ರೋಜನ್ ಕೂಡ ಒಂದು ಸ್ಟೀರಾಯ್ಡ್. ಅದನ್ನು ಮಾಡುವ ಕೊನೆಯ ಹಂತದಲ್ಲಿ ಅರೊಮಟೇಸ್ ಎಂಬ ಕಿಣ್ವ ಬೇಕು. ಸ್ತನ ಕ್ಯಾನ್ಸರಿಗೆ ಕೊಡುವ ಲೆಟ್ರೊಜೋಲ್ ಮಾತ್ರೆ ತಡೆಯುವುದು ಆ ಕಿಣ್ವವನ್ನೇ.

ನಾನು ನೋಡಬೇಕಾಗಿದ್ದದ್ದು ನೆನಪಿನ ಜಾಗವಾದ ಹಿಪೊಕ್ಯಾಂಪಸ್ಸಿನ ನರಕೋಶಗಳನ್ನು. ಅವುಗಳ ಕೊಂಬೆಗಳ ಮೇಲೆ ಒಂದೆರಡು ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್) ಉದ್ದದ ಸಣ್ಣ ಮುಳ್ಳುಗಳಿರುತ್ತವೆ. ನಾವು ಸ್ಪೈನ್ ಅನ್ನುತ್ತೇವೆ. ಪಕ್ಕದ ಕೋಶ ಬಂದು ಮಾತಾಡುವುದು ಹೆಚ್ಚಾಗಿ ಈ ಮುಳ್ಳಿನ ತುದಿಯಲ್ಲೇ. ಮುಳ್ಳು ಕಡಿಮೆಯಾದರೆ ಸಂಪರ್ಕ ಕಡಿಮೆ. 1990ರಲ್ಲಿ ಕ್ಯಾಥರೀನ್ ವೂಲಿ, ಬ್ರೂಸ್ ಮೆಕ್ಯುವನ್ ಮತ್ತು ಜೊತೆಗಾರರು ತೋರಿಸಿದ ಒಂದು ಸಂಗತಿ ನನ್ನನ್ನು ಈ ಕೆಲಸಕ್ಕೆ ಎಳೆಯಿತು. ಹೆಣ್ಣಿಲಿಯ ನಾಲ್ಕೈದು ದಿನದ ಋತುಚಕ್ರದೊಳಗೇ ಈ ಮುಳ್ಳುಗಳು ಹೆಚ್ಚು ಕಡಿಮೆ ಆಗುತ್ತವೆ. ಬೆಳೆದು ದೊಡ್ಡದಾದ ಪ್ರಾಣಿಯ ಮೆದುಳು ಇಷ್ಟು ಬೇಗ ಬದಲಾಗುತ್ತದೆ ಎಂದು ನನಗೆ ಯಾರೂ ಕಲಿಸಿರಲಿಲ್ಲ.

ಪ್ರಾಣಿ ಪ್ರಯೋಗದ ನೈತಿಕ ಸಮಿತಿಯ ಒಪ್ಪಿಗೆ ಸಿಕ್ಕ ಮೇಲೆ ಕೆಲಸ ಶುರು ಮಾಡಿದೆ. ನಾನು ಬಳಸಿದ್ದು ಗಾಲ್ಗಿ-ಕಾಕ್ಸ್ ದ್ರಾವಣ. ಪೊಟ್ಯಾಸಿಯಂ ಡೈಕ್ರೋಮೇಟ್, ಮರ್ಕ್ಯುರಿಕ್ ಕ್ಲೋರೈಡ್, ಪೊಟ್ಯಾಸಿಯಂ ಕ್ರೋಮೇಟ್, ಮೂರೂ ಶೇಕಡಾ 5ರ ದ್ರಾವಣ. ಕ್ರೋಮೇಟನ್ನು ನೀರು ಬೆರೆಸಿ ಕೊನೆಗೆ ಸೇರಿಸಬೇಕು. ಐದು ದಿನ ಕತ್ತಲಲ್ಲಿ ಇಟ್ಟರೆ ತಳದಲ್ಲಿ ಕೆಂಪು ಗಸಿ ನಿಲ್ಲುತ್ತದೆ. ಅದನ್ನು ಕಲಕದೆ ಮೇಲಿನದ್ದನ್ನು ಬಸಿದುಕೊಳ್ಳಬೇಕು. ಲೋಹದ ಚಿಮುಟ ಮುಟ್ಟಿಸಬಾರದು, ಗಾಜಿನ ಕಡ್ಡಿಯೇ ಬೇಕು. ಇದರಲ್ಲಿ ಪಾದರಸ ಇದೆ. ಗ್ಲೌಸ್ ಇಲ್ಲದೆ ಮುಟ್ಟಬೇಡಿ, ಸಿಂಕಿಗೆ ಸುರಿಯಬೇಡಿ. ಮೆದುಳು ಇದರಲ್ಲಿ ಹದಿನಾಲ್ಕು ದಿನ ನೆನೆಯುತ್ತದೆ. ಆಮೇಲೆ ದಪ್ಪ ಚೂರುಗಳಾಗಿ ಕತ್ತರಿಸಿ, ಅಮೋನಿಯಾದಲ್ಲಿ ಇಟ್ಟರೆ ಕಪ್ಪು ಏಳುತ್ತದೆ. ಈ ಬಣ್ಣ ಎಲ್ಲ ಕೋಶಕ್ಕೂ ಹಿಡಿಯುವುದಿಲ್ಲ. ನೂರರಲ್ಲಿ ಕೆಲವಕ್ಕೆ ಮಾತ್ರ. ಹಿಡಿದದ್ದಕ್ಕೆ ಮಾತ್ರ ಬುಡದಿಂದ ತುದಿವರೆಗೂ ಪೂರ್ತಿ ಹಿಡಿಯುತ್ತದೆ. ಎಲ್ಲವೂ ಕಪ್ಪಾಗಿದ್ದರೆ ಒಂದು ಮುಳ್ಳೂ ಕಾಣುತ್ತಿರಲಿಲ್ಲ.

ಹಾಳಾದ ಸ್ಲೈಡುಗಳನ್ನು ನೋಡುತ್ತಾ ಕೂತಿದ್ದಾಗ ನಮ್ಮ ಲ್ಯಾಬಿನ ಹಿರಿಯ ಅಟೆಂಡರ್ ಬಂದರು. ಅವರದ್ದು ಬಂಟ್ವಾಳದ ಕಡೆ ಅಡಿಕೆ ತೋಟ. "ಮೇಡಂ, ಈ ಮಳೆಗೆ ಆಲ್ಕೋಹಾಲೂ ನೀರು ಕುಡಿತದೆ. ಮೈಲುತುತ್ತು ಹಾಕುವಾ" ಅಂದರು. ಕೊಳೆರೋಗಕ್ಕೆ ಅಡಿಕೆಗೆ ಹೊಡೆಯುವ ಮದ್ದಿನ ಅದೇ ಮೈಲುತುತ್ತು, ಅಂದರೆ ಕಾಪರ್ ಸಲ್ಫೇಟ್. ಓವನ್‌ನಲ್ಲಿ ಚೆನ್ನಾಗಿ ಬಿಸಿ ಮಾಡಿದರೆ ನೀಲಿ ಹೋಗಿ ಬಿಳಿ ಪುಡಿಯಾಗುತ್ತದೆ. ಪೂರ್ತಿ ಆರಿದ ಮೇಲೆ ಆಲ್ಕೋಹಾಲ್ ಜಾರಿನ ತಳಕ್ಕೆ ಹಾಕಿ, ಮೇಲೊಂದು ಫಿಲ್ಟರ್ ಪೇಪರ್ ಇಟ್ಟೆವು. ಪುಡಿ ನೀರು ಎಳೆದುಕೊಳ್ಳುತ್ತದೆ. ನೀಲಿಗೆ ತಿರುಗಿತು ಅಂದರೆ ಬದಲಿಸುವ ಹೊತ್ತು ಬಂತು. ಅಂದಿನಿಂದ ನನ್ನ ಝೈಲೀನ್ ಒಮ್ಮೆಯೂ ಬೆಳ್ಳಗಾಗಿಲ್ಲ.

ಎಣಿಕೆ ಇನ್ನೂ ಕಷ್ಟ. ಎಣ್ಣೆ ಹಾಕಿ ನೋಡುವ ನೂರರ ಲೆನ್ಸಿನಲ್ಲಿ, 10 ಮೈಕ್ರಾನ್ ಉದ್ದದ ಕೊಂಬೆ ಹಿಡಿದು, ಫೋಕಸ್ ಮೇಲೆ ಕೆಳಗೆ ಮಾಡುತ್ತಾ ಎಣಿಸಬೇಕು. ಮೊದಲ ಸಲ ಯಾವ ಸ್ಲೈಡು ಯಾವ ಗುಂಪಿನದ್ದು ಎಂದು ಗೊತ್ತಿದ್ದೇ ಎಣಿಸಿದ್ದೆ. ನನ್ನ ಗೈಡ್ ಆ ಪುಟಗಳನ್ನೆಲ್ಲ ಬದಿಗಿಟ್ಟರು. ಗೆಳತಿಯೊಬ್ಬಳು ಲೇಬಲ್ ಮುಚ್ಚಿ ಬೇರೆ ನಂಬರ್ ಹಾಕಿ ಕೊಟ್ಟಳು. ಎಲ್ಲವನ್ನೂ ಮತ್ತೆ ಎಣಿಸಿದೆ. ಗುಂಪುಗಳ ನಡುವಿನ ವ್ಯತ್ಯಾಸ ಮೊದಲಿಗಿಂತ ಸಣ್ಣದಾಯಿತು. ಆದರೆ ಉಳಿಯಿತು. ಅಂಡಾಶಯ ತೆಗೆದ ಇಲಿಗಳಲ್ಲಿ ಮುಳ್ಳು ಕಡಿಮೆ, ಅದರ ಮೇಲೆ ಲೆಟ್ರೊಜೋಲನ್ನೂ ಕೊಟ್ಟವುಗಳಲ್ಲಿ ಇನ್ನೂ ಕಡಿಮೆ. ಹ್ಯಾಂಬರ್ಗಿನ ಗೇಬ್ರಿಯೆಲೆ ರೂನೆ ಅವರ ತಂಡ 2004ರಲ್ಲೇ ಇದನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿದ ಹಿಪೊಕ್ಯಾಂಪಸ್ ಚೂರುಗಳಲ್ಲಿ ತೋರಿಸಿತ್ತು. ಅಲ್ಲಿ ಅಂಡಾಶಯವೂ ಇಲ್ಲ, ರಕ್ತವೂ ಇಲ್ಲ. ಆದರೂ ಲೆಟ್ರೊಜೋಲ್ ಹಾಕಿದಾಗ ಮುಳ್ಳುಗಳು ಕಡಿಮೆಯಾದವು.

ಇದಕ್ಕೂ ಅಲ್ಝೈಮರ್ ಕಾಯಿಲೆಗೂ ಏನು ಸಂಬಂಧ? ಆ ಕಾಯಿಲೆಯಲ್ಲಿ ಎಲ್ಲರೂ ಮೆದುಳಿನಲ್ಲಿ ಕಟ್ಟುವ ಅಮಿಲಾಯ್ಡ್ ಎಂಬ ಪ್ರೋಟೀನಿನ ಗಂಟುಗಳ ಬಗ್ಗೆ ಮಾತಾಡುತ್ತಾರೆ. ಆದರೆ ಮರೆವು ಎಷ್ಟು ತೀವ್ರ ಎನ್ನುವುದಕ್ಕೆ ಹತ್ತಿರದಿಂದ ಹೊಂದುವುದು ಸಂಪರ್ಕಗಳ ನಷ್ಟ. ರಾಬರ್ಟ್ ಟೆರಿ ತಂಡ 1991ರಲ್ಲೇ ಇದನ್ನು ಹೇಳಿದೆ. 2005ರ ಇನ್ನೊಂದು ಅಧ್ಯಯನವನ್ನು ನಾನು ಎಷ್ಟು ಸಲ ಓದಿದ್ದೇನೋ. ಅಲ್ಝೈಮರ್ ಇದ್ದ ಹೆಂಗಸರು ತೀರಿಕೊಂಡ ಮೇಲೆ ನೋಡಿದಾಗ ಮೆದುಳಿನಲ್ಲಿ ಈಸ್ಟ್ರೋಜನ್ ತುಂಬಾ ಕಡಿಮೆ ಇತ್ತು. ರಕ್ತದಲ್ಲಿ ಮಾತ್ರ ಉಳಿದವರ ಹಾಗೇ ಇತ್ತು. ಅದೇ ತಂಡ ಕಾಯಿಲೆಯ ಜೀನ್ ಇರುವ ಇಲಿಗಳಲ್ಲಿ ಅರೊಮಟೇಸ್ ಕಡಿಮೆ ಮಾಡಿದಾಗ ಗಂಟುಗಳು ಬೇಗ ಬಂದವು. ಬರೀ ಅಂಡಾಶಯ ತೆಗೆದಾಗ ಹಾಗಾಗಲಿಲ್ಲ. ಮೆದುಳಿನ ಈಸ್ಟ್ರೋಜನ್ ಲೆಕ್ಕ ರಕ್ತದ ರಿಪೋರ್ಟಿನಲ್ಲಿ ಸಿಗುವುದಿಲ್ಲ ಎಂದು ನಾನು ವಿದ್ಯಾರ್ಥಿಗಳಿಗೆ ಮತ್ತೆ ಮತ್ತೆ ಹೇಳುವುದು ಇದಕ್ಕೇ.

ಕದ್ರಿಯಲ್ಲಿರುವ ನನ್ನ ದೊಡ್ಡಮ್ಮನಿಗೆ ಸ್ತನ ಕ್ಯಾನ್ಸರ್ ಆಪರೇಷನ್ ಆಗಿದೆ. ದಿನಕ್ಕೊಂದು ಲೆಟ್ರೊಜೋಲ್, 2.5 ಮಿಲಿಗ್ರಾಂ. ಒಂದು ಭಾನುವಾರ ಸ್ಟ್ರಿಪ್ ಕೈಯಲ್ಲಿ ಹಿಡಿದು ಕೇಳಿದರು. "ನಿನ್ನ ಇಲಿಗೆ ಕೊಡುದು ಇದೇ ಮಾತ್ರೆಯಾ ಮಗಾ?"

"ಹೌದು ದೊಡ್ಡಮ್ಮ."

"ಹಾಗಾದ್ರೆ ನಂಗೆ ಹೆಸರುಗಳೆಲ್ಲ ಮರೆಯುದು ಅದರಿಂದಲೇ ಅಲ್ವಾ? ಬಿಟ್ಟುಬಿಡ್ಲಾ?"

ನನ್ನ ಎದೆ ಧಸಕ್ಕೆಂದಿತು. ಬಿಡಬೇಡಿ, ಅದು ಕ್ಯಾನ್ಸರ್ ಮರಳಿ ಬರದ ಹಾಗೆ ತಡೆಯುವ ಮಾತ್ರೆ ಎಂದೆ. ಈ ಮಾತ್ರೆ ತಗೊಳ್ಳುವ ಹೆಂಗಸರ ನೆನಪನ್ನು ಪರೀಕ್ಷಿಸಿದ ಅಧ್ಯಯನಗಳು ಒಂದೇ ಮಾತು ಹೇಳುವುದಿಲ್ಲ. ಕೆಲವರಲ್ಲಿ ವ್ಯತ್ಯಾಸ ಕಂಡಿದೆ, ಕೆಲವರಲ್ಲಿ ಇಲ್ಲ. ಇಲಿಯ ಸ್ಲೈಡು ಹಿಡಿದು ಮನುಷ್ಯರ ಮಾತ್ರೆ ನಿಲ್ಲಿಸುವ ಹಾಗಿಲ್ಲ. ಪಕ್ಕದ ಮನೆಯವರು ಈಸ್ಟ್ರೋಜನ್ ಮಾತ್ರೆ ತಗೊಂಡರೆ ನೆನಪು ಬರುತ್ತದೆ ಅಂದಿದ್ದರಂತೆ. ದೊಡ್ಡಮ್ಮನಿಗೆ ಬಂದದ್ದು ಹಾರ್ಮೋನಿನಿಂದ ಬೆಳೆಯುವ ಕ್ಯಾನ್ಸರ್, ಅವರು ಅದನ್ನು ಮುಟ್ಟಲೇಬಾರದು. ಕ್ಯಾನ್ಸರ್ ಇಲ್ಲದವರಿಗೂ ಅದು ಸುಮ್ನೆ ನುಂಗುವ ಟಾನಿಕ್ ಅಲ್ಲ. ಅಮೆರಿಕದಲ್ಲಿ 65 ದಾಟಿದ ಹೆಂಗಸರಿಗೆ ಈಸ್ಟ್ರೋಜನ್, ಪ್ರೊಜೆಸ್ಟಿನ್ ಎಂಬ ಇನ್ನೊಂದು ಹಾರ್ಮೋನ್ ಒಟ್ಟಿಗೆ ಕೊಟ್ಟು ನೋಡಿದಾಗ ಡಿಮೆನ್ಷಿಯಾ ಅಪಾಯ ಸುಮಾರು ಎರಡು ಪಟ್ಟಾಗಿತ್ತು. ಅದು ಪ್ರಕಟವಾದದ್ದು 2003ರಲ್ಲಿ. ಮೆದುಳು ತನಗೆ ಬೇಕಾದ ಜಾಗದಲ್ಲಿ, ಬೇಕಾದ ಹೊತ್ತಿಗೆ, ಬೇಕಾದಷ್ಟೇ ಮಾಡಿಕೊಳ್ಳುತ್ತದೆ. ನುಂಗಿದ ಮಾತ್ರೆ ಇಡೀ ಮೈಗೆ ಹೋಗುತ್ತದೆ.

ಮರುವಾರ ಕ್ಯಾನ್ಸರ್ ಡಾಕ್ಟರ ಹತ್ತಿರ ಒಟ್ಟಿಗೆ ಹೋದೆವು. ಯಾವ ದಿನ ಏನು ಮರೆತದ್ದು ಎಂದು ದೊಡ್ಡಮ್ಮ ಒಂದು ಹಳೇ ಡೈರಿಯಲ್ಲಿ ಬರೆದು ತಂದಿದ್ದರು. ಡಾಕ್ಟರು ಥೈರಾಯ್ಡ್, ಬಿ12 ಎರಡನ್ನೂ ನೋಡಿಸಿದರು. ಬಿ12 ಕಡಿಮೆ ಇತ್ತು. ಇಂಜೆಕ್ಷನ್ ಆದ ಮೇಲೆ ಒಲೆಯ ಮೇಲೆ ಹಾಲಿಟ್ಟು ಮರೆಯುವುದು ಕಡಿಮೆಯಾಗಿದೆ. ಹೆಸರುಗಳು ಮಾತ್ರ ಈಗಲೂ ತಡವಾಗಿ ಬರುತ್ತವೆ. ಲೆಟ್ರೊಜೋಲ್ ಕೋರ್ಸ್ ಮುಗಿಯಲು ಇನ್ನೂ ಒಂದೂವರೆ ವರ್ಷ ಇದೆ. ಅಲ್ಲಿಯವರೆಗೂ, ಅದು ಮುಗಿದ ಮೇಲೂ ಡೈರಿ ಬರೆಯುತ್ತೇನೆ ಎಂದಿದ್ದಾರೆ. ಪ್ರತಿ ತಿಂಗಳು ಒಂದು ಭಾನುವಾರ ನಾನು ಹೋಗಿ ಓದುತ್ತೇನೆ.