ಮೀಟಿಂಗ್ ನೋಟ್ಸ್ ವಿದ್ಯಾರ್ಥಿಯೇ ಬರೆಯಲಿ: ಆನ್‌ಲೈನ್ ಪಿಎಚ್‌ಡಿ ಗೈಡ್ ಆಗಿ ನನ್ನ ಅನುಭವ

"ವಿಡಿಯೋದಲ್ಲಿ ಪಿಎಚ್‌ಡಿ ಮಾಡಿಸೋಕಾಗಲ್ಲ" ಅಂತ ವಿಭಾಗದಲ್ಲಿ ಎಲ್ಲರೂ ಹೇಳಿದ್ದರು. ಈಗ ನನ್ನ ಐವರು ವಿದ್ಯಾರ್ಥಿಗಳಲ್ಲಿ ಇಬ್ಬರು ಥೀಸಿಸ್ ಸಲ್ಲಿಸಿಯಾಯಿತು, ಮೂರನೆಯವರು ಕೊನೆಯ ಚಾಪ್ಟರ್‌ನಲ್ಲಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ಒಂದೂವರೆ ವರ್ಷ ದಂಡ. ಕ್ಯಾಮೆರಾ, ಮೈಕ್, ಬರೆಯುವ ಟ್ಯಾಬ್ಲೆಟ್ ಅಂತ ಹೆಚ್ಚುಕಡಿಮೆ ಅರ್ಧ ತಿಂಗಳ ಸಂಬಳ ಸುರಿದೆ. ಜೂಮ್‌ನ ಪುಕ್ಕಟೆ ಖಾತೆಯಲ್ಲಿ 40 ನಿಮಿಷಕ್ಕೆ ಮೀಟಿಂಗ್ ಕಟ್ ಆಗುತ್ತೆ ಅಂತ ವರ್ಷದ ಚಂದಾ ಬೇರೆ. ವಾರಕ್ಕೊಂದು ಗಂಟೆ ಮಾತಾಡಿದರೆ ಆ ಕಡೆಯಿಂದ ಬರೀ "ಆಯ್ತು ಮೇಡಂ". ಮುಂದಿನ ವಾರ ಬರುವ ಡ್ರಾಫ್ಟಿಗೂ ನಾನು ಹೇಳಿದ್ದಕ್ಕೂ ಸಂಬಂಧವೇ ಇರುತ್ತಿರಲಿಲ್ಲ. ಒಬ್ಬನಂತೂ ನಾಲ್ಕು ತಿಂಗಳು ನಾಪತ್ತೆ.

ಆಮೇಲೆ ಒಂದು ಕಟ್ಟುನಿಟ್ಟು ಮಾಡಿದೆ. ಮೀಟಿಂಗ್ ಆದ ದಿನವೇ, ಏನು ತೀರ್ಮಾನ ಆಯಿತು ಅಂತ ವಿದ್ಯಾರ್ಥಿಯೇ ಗೂಗಲ್ ಡಾಕ್‌ನಲ್ಲಿ ಏಳೆಂಟು ಸಾಲು ಬರೆಯಬೇಕು, ನಾನು ತಿದ್ದುತ್ತೇನೆ. ಮೊದಲ ವಾರವೇ ಎದೆ ಧಸಕ್ಕೆಂದಿತು. ಒಬ್ಬ ವಿದ್ಯಾರ್ಥಿನಿಗೆ "ಮೂರನೇ ಚಾಪ್ಟರ್ ಸದ್ಯಕ್ಕೆ ಪಕ್ಕಕ್ಕಿಡಮ್ಮಾ" ಅಂದಿದ್ದೆ. ಅವಳು ಬರೆದದ್ದು: "ಮೂರನೇ ಚಾಪ್ಟರ್ ಬೇಡ, ತೆಗೆಯಬೇಕು." ಎಂಟು ತಿಂಗಳ ಕೆಲಸ ಅದು! ಎದುರು ಕೂತಿದ್ದರೆ ಮುಖ ಬಾಡಿದ್ದು ಆಗಲೇ ಕಾಣುತ್ತಿತ್ತು, ಅಲ್ವಾ.

ನನಗೆ ಜಾಸ್ತಿ ಕಷ್ಟವಾದದ್ದು ಬೇರೆ. ವಿದ್ಯಾರ್ಥಿಗಳ ಒಪ್ಪಿಗೆ ಪಡೆದು ಮೀಟಿಂಗ್ ರೆಕಾರ್ಡ್ ಮಾಡಿ, ನಾವು ನಾಲ್ವರು ಗೈಡ್‌ಗಳು ಒಬ್ಬರದನ್ನೊಬ್ಬರು ನೋಡಿದೆವು. ನನ್ನ 50 ನಿಮಿಷದಲ್ಲಿ ಸುಮಾರು 40 ನಿಮಿಷ ನನ್ನದೇ ಮಾತು. ಪ್ರಶ್ನೆ ಕೇಳಿ, ಎರಡು ಸೆಕೆಂಡೂ ಕಾಯದೆ ಉತ್ತರವನ್ನೂ ನಾನೇ ಕೊಟ್ಟಿದ್ದೆ. ಕೈಯಿಂದ ಫೀಸು ಕಟ್ಟಿ ಹೋಗಿದ್ದ ಎರಡು ದಿನದ ತರಬೇತಿಯಲ್ಲಿ ಇದನ್ನು ಯಾರೂ ತೋರಿಸಿರಲಿಲ್ಲ. ಈಗ ಪ್ರಶ್ನೆ ಕೇಳಿದ ಕೂಡಲೇ ಮೈಕ್ ಮ್ಯೂಟ್ ಮಾಡಿ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸುತ್ತೇನೆ. ಏಳೋ ಎಂಟೋ ಆಗುವಷ್ಟರಲ್ಲಿ ಆ ಕಡೆಯಿಂದ ಮಾತು ಬರುತ್ತದೆ.

ನಡುವೆ ಇನ್ನೊಂದು ಪ್ರಯೋಗ: ಡ್ರಾಫ್ಟಿಗೆ ಕಾಮೆಂಟ್ ಬರೆಯುವ ಬದಲು ಮೂರ್ನಾಲ್ಕು ನಿಮಿಷದ ಧ್ವನಿ ಕಳಿಸಿದೆ. ವಾದ ಎಲ್ಲಿ ಸಡಿಲ ಅಂತ ಹೇಳೋಕೆ ಇದು ಬಹಳ ಚೆನ್ನಾಗಿದೆ. ಉಲ್ಲೇಖ, ಕಾಗುಣಿತಕ್ಕೆ ಸುಮ್ನೆ ಟೈಮ್ ವೇಸ್ಟ್, ಅವನ್ನು ಬರೆದೇ ಕೊಡಿ.

ನಾಪತ್ತೆಯಾದವರಿಗೆ ಕಳಿಸುವ ಎರಡು ಸಾಲಿನ ಮೆಸೇಜೂ ಒಂದಿದೆ, ಅದನ್ನು ಮಾತ್ರ ಇಲ್ಲಿ ಹಾಕುವುದಿಲ್ಲ. ಆ ನಾಲ್ಕು ತಿಂಗಳ ಹುಡುಗ ಅದೇ ಸಂಜೆ ಉತ್ತರಿಸಿದ. ಥೀಸಿಸ್ ಸಲ್ಲಿಸಿದ ಇಬ್ಬರಲ್ಲಿ ಅವನೂ ಒಬ್ಬ.