ಪ್ರಾಣಿ ಬಯೋಮೆಕ್ಯಾನಿಕ್ಸ್‌ಗೆ ಪ್ರೊಫೆಸರ್ ಬೇಕಾ? ನೋಟಿಫಿಕೇಶನ್ ಬರೆಯುವ ಮುಂಚೆ ಇದನ್ನು ಓದಿ

ಪ್ರಾಣಿಗಳ ಶರೀರಕ್ರಿಯೆ ಮತ್ತು ಬಯೋಮೆಕ್ಯಾನಿಕ್ಸ್ (ದೇಹ ಹೇಗೆ ಚಲಿಸುತ್ತದೆ, ಎಷ್ಟು ಬಲ ಹಾಕುತ್ತದೆ ಅನ್ನುವ ಓದು) ಕಲಿಸೋಕೆ ನಿಮ್ಮ ವಿಭಾಗಕ್ಕೆ ಒಂದು ಪ್ರೊಫೆಸರ್ ಹುದ್ದೆ ಸಿಕ್ಕಿದೆ ಅಂದುಕೊಳ್ಳಿ. ಮೀಸಲಾತಿ ರೋಸ್ಟರ್ ಆಗಿದೆ, ಹಣಕಾಸು ಇಲಾಖೆ ಒಪ್ಪಿಗೆಯೂ ಬಂದಿದೆ. ಖುಷಿಯಲ್ಲಿ ಹಳೇ ನೋಟಿಫಿಕೇಶನ್ ತೆಗೆದು ದಿನಾಂಕ ಬದಲಿಸಿ ಕಳಿಸಬೇಡಿ. ಮೈಸೂರಿನಲ್ಲಿ ಇಂಥ ಎರಡು ನೇಮಕಾತಿಗಳನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಒಂದು ಕೆಟ್ಟಿತು, ಇನ್ನೊಂದು ಚೆನ್ನಾಗಿ ಆಯ್ತು. ಕೆಟ್ಟಿದ್ದು ಸಂದರ್ಶನದ ದಿನ ಅಲ್ಲ, ಅರ್ಹತೆಯ ಒಂದೇ ಒಂದು ಸಾಲಿನಲ್ಲಿ.

ಆ ಸಾಲಿನಲ್ಲಿ 'ಪ್ರಾಣಿಶಾಸ್ತ್ರದಲ್ಲಿ ಪಿಎಚ್‌ಡಿ' ಅಂತಷ್ಟೇ ಇತ್ತು. ಹಕ್ಕಿ ರೆಕ್ಕೆ ಬಡಿಯುವಾಗ ಎದೆಯ ಸ್ನಾಯು ಎಷ್ಟು ಬಲ ಹಾಕುತ್ತದೆ ಅಂತ ವರ್ಷಗಟ್ಟಲೆ ಅಳೆದವರೊಬ್ಬರು ಅರ್ಜಿ ಹಾಕಿದ್ದರು. ನಮಗೆ ಬೇಕಾಗಿದ್ದವರೇ ಅವರು. ಆದರೆ ಅವರ ಪಿಎಚ್‌ಡಿ ಮೆಕ್ಯಾನಿಕಲ್ ಎಂಜಿನಿಯರಿಂಗ್‌ನಲ್ಲಿ. ಸ್ಕ್ರೂಟಿನಿಯಲ್ಲೇ ಅರ್ಜಿ ಪಕ್ಕಕ್ಕೆ ಹೋಯಿತು. ಸ್ಕ್ರೂಟಿನಿ ಮಾಡಿದವರ ತಪ್ಪಲ್ಲ ಅದು, ಅವರು ಬರೆದಿದ್ದನ್ನು ಓದಿದರು ಅಷ್ಟೇ. ಇವತ್ತಿಗೂ ನನಗೆ ಅದು ನೋವಿನ ವಿಷಯ.

ಈ ವಿಷಯ ಎರಡು ಕಾಲಿನ ಮೇಲೆ ನಿಂತಿದೆ. ಒಂದು ಜೀವಶಾಸ್ತ್ರ, ಇನ್ನೊಂದು ಭೌತಶಾಸ್ತ್ರ. ಯುಜಿಸಿಯ 2018ರ ನಿಯಮದಲ್ಲಿ ಸಂಬಂಧಪಟ್ಟ ಇತರ ವಿಷಯದ ಪಿಎಚ್‌ಡಿಗೂ ಜಾಗ ಇದೆ. ಯಾವ ಯಾವ ವಿಷಯ ಅಂತ ಬಿಡಿಸಿ ಹೇಳಬೇಕಾದವರು ನೀವು. ಪ್ರಾಣಿಶಾಸ್ತ್ರ, ಪಶುವೈದ್ಯ, ಫಿಸಿಯಾಲಜಿ, ಬಯೋಫಿಸಿಕ್ಸ್, ಬಯೋಮೆಡಿಕಲ್ ಮತ್ತು ಮೆಕ್ಯಾನಿಕಲ್ ಎಂಜಿನಿಯರಿಂಗ್, ಎಲ್ಲವನ್ನೂ ಹೆಸರಿಟ್ಟು ಬರೆಯಿರಿ. ಹಾಗೆ ಬರೆದಿದ್ದನ್ನು ನೋಟಿಫಿಕೇಶನ್ ಹೊರಡುವ ಮೊದಲೇ ವಿಭಾಗದಲ್ಲೂ ಮೇಲಿನ ಮಂಡಳಿಗಳಲ್ಲೂ ಪಾಸು ಮಾಡಿಸಿಕೊಳ್ಳಿ, ಆಮೇಲೆ ತಿದ್ದೋಕೆ ಹೋದರೆ ಯಾರಾದರೂ ಕೋರ್ಟಿಗೆ ಹೋಗ್ತಾರೆ. ಹೊರಡಿಸುವ ದಿನ ಯಾವ ನಿಯಮ ಜಾರಿಯಲ್ಲಿದೆ ಅಂತ ಕುಲಸಚಿವರ ಕಚೇರಿಯಲ್ಲಿ ಒಮ್ಮೆ ಕೇಳಿಬಿಡಿ.

ಇನ್ನು ಜನ ಯಾಕೆ ಬರಬೇಕು ಅನ್ನೋದು. ಆಗಸ್ಟ್ ಕ್ರೋ ಅಂತ ಡೆನ್ಮಾರ್ಕಿನ ವಿಜ್ಞಾನಿ, 1920ರಲ್ಲಿ ನೊಬೆಲ್ ಪಡೆದವರು. 1929ರಲ್ಲಿ ಅವರು ಹೇಳಿದ ಮಾತು ಈ ಕ್ಷೇತ್ರದವರಿಗೆಲ್ಲ ಬಾಯಿಪಾಠ: ಎಷ್ಟೋ ಪ್ರಶ್ನೆಗಳಿಗೆ, ಅದನ್ನು ಓದೋಕೆ ತಕ್ಕದಾದ ಒಂದು ಪ್ರಾಣಿ ಎಲ್ಲೋ ಇದ್ದೇ ಇರುತ್ತದೆ. ನಮ್ಮ ಸುತ್ತ ಏನಿದೆ ನೋಡಿ. ಭಾರ ಎಳೆದುಕೊಂಡು ದೂರ ನಡೆಯುವ ಹಳ್ಳಿಕಾರ್ ಎತ್ತು. ಮಳವಳ್ಳಿ ಕಡೆಯ ಗಿಡ್ಡ ಕಾಲಿನ ಬಂಡೂರು ಕುರಿ. ರಂಗನತಿಟ್ಟಿನಲ್ಲಿ ಹೆಜ್ಜಾರ್ಲೆ, ಮೊಸಳೆ. ನಾಗರಹೊಳೆ, ಬಂಡೀಪುರದ ಆನೆ. ಹೊರಗಿನ ಒಳ್ಳೆ ಸಂಶೋಧಕರನ್ನು ಎಳೆಯೋದು ಇದು. ವಿಶ್ವವಿದ್ಯಾಲಯ ಎಷ್ಟು ಹಳೇದು ಅನ್ನುವ ಪ್ಯಾರಾ ಅಲ್ಲ. ನೋಟಿಫಿಕೇಶನ್ ಜೊತೆ ಎರಡು ಪುಟದ ಒಂದು ಟಿಪ್ಪಣಿ ಮಾಡಿ ಇದನ್ನೆಲ್ಲ ಬರೆಯಿರಿ, ಆಮೇಲೆ ಅದನ್ನು ನೀವೇ ಜನಕ್ಕೆ ಕಳಿಸಿ. ಪೇಪರಿನಲ್ಲಿ ಹಾಕಿ ಕಾಯುತ್ತಾ ಕೂತರೆ ಇಂಥವರು ಸಿಗಲ್ಲ. ವಿಜ್ಞಾನ ಸಂಶೋಧನಾ ಸಂಸ್ಥೆಗಳಾದ ಬೆಂಗಳೂರಿನ ಎನ್‌ಸಿಬಿಎಸ್, ಐಐಎಸ್‌ಸಿ, ಐಸರ್‌ಗಳು, ಪಶುವೈದ್ಯ ಕಾಲೇಜುಗಳು, ಹೊರದೇಶದಲ್ಲಿರುವ ನಿಮ್ಮ ಹಳೇ ವಿದ್ಯಾರ್ಥಿಗಳು, ಇವರಿಗೆಲ್ಲ ಒಬ್ಬೊಬ್ಬರಿಗೂ ಮೇಲ್ ಬರೆಯಬೇಕು.

ಅರ್ಜಿ ಬಂದ ಮೇಲೆ ಅಂಕದ ಲೆಕ್ಕ. ಯುಜಿಸಿಯ ಅದೇ 2018ರ ನಿಯಮದ ಪ್ರಕಾರ ಪ್ರೊಫೆಸರ್‌ಗೆ 10 ವರ್ಷದ ಅನುಭವ, 10 ಪ್ರಕಟಣೆ, ಪಿಎಚ್‌ಡಿ ವಿದ್ಯಾರ್ಥಿಗೆ ಮಾರ್ಗದರ್ಶನ, 120 ಸಂಶೋಧನಾ ಅಂಕ ಬೇಕು. ಇಲ್ಲೊಂದು ತೊಡಕಿದೆ. ಒಂದು ಪೇಪರ್‌ಗೆ ಇಬ್ಬರಿಗಿಂತ ಜಾಸ್ತಿ ಲೇಖಕರಿದ್ದರೆ ಮುಖ್ಯ ಲೇಖಕರಿಗೆ ಶೇ. 70, ಉಳಿದವರಿಗೆ ತಲಾ ಶೇ. 30 ಅಂಕ. ಬಯೋಮೆಕ್ಯಾನಿಕ್ಸ್‌ನಲ್ಲಿ ಒಬ್ಬರೇ ಬರೆಯುವ ಪೇಪರ್ ಕಡಿಮೆ, ಕ್ಯಾಮೆರಾ ಹಿಡಿದವರು, ಪ್ರಾಣಿ ಪಳಗಿಸಿದವರು, ಲೆಕ್ಕ ಮಾಡಿದವರು ಎಲ್ಲರ ಹೆಸರೂ ಇರುತ್ತೆ. ಹಾಗಾಗಿ ಪ್ರತಿ ಪೇಪರ್‌ನಲ್ಲಿ ತಮ್ಮ ಪಾತ್ರ ಏನು ಅಂತ ಅರ್ಜಿಯಲ್ಲೇ ಬರೆಸಿಕೊಳ್ಳಿ. ಆ ಕಾಲಂ ಇಲ್ಲದೆ ಒಳ್ಳೆಯವರು ಅಂಕ ಕಳೆದುಕೊಳ್ಳೋದನ್ನು ನೋಡಿದ್ದೇನೆ.

ಆಯ್ಕೆ ಸಮಿತಿಯಲ್ಲಿ ಮೂವರು ವಿಷಯ ತಜ್ಞರು ಇರ್ತಾರೆ. ಮೂವರೂ ಪ್ರಾಣಿಶಾಸ್ತ್ರದವರೇ ಆದರೆ ಹೇಗೆ? ಪ್ಯಾನೆಲ್ ಕಳಿಸುವಾಗಲೇ ಮೆಕ್ಯಾನಿಕ್ಸ್ ಗೊತ್ತಿರುವವರ ಹೆಸರುಗಳನ್ನೂ ಸೇರಿಸಿ.

ಸಂದರ್ಶನಕ್ಕಿಂತ ನಾನು ಜಾಸ್ತಿ ನಂಬೋದು ಪಾಠವನ್ನು. ಎಂಎಸ್ಸಿ ಮಕ್ಕಳನ್ನು ಕೂರಿಸಿ ಅಭ್ಯರ್ಥಿಯಿಂದ 30 ನಿಮಿಷ ಪಾಠ ಮಾಡಿಸಿ. ಚೆನ್ನಾಗಿ ಆದ ಆ ಎರಡನೇ ಸಲ ಒಬ್ಬ ಮೇಡಂ ಚಿಕನ್ ಅಂಗಡಿಯಿಂದ ಒಂದು ಕೋಳಿ ಕಾಲು ತಂದಿದ್ದರು. ಕತ್ತರಿಸಿದ ಕಡೆ ಬಿಳಿ ಹುರಿಯಂಥದ್ದು ಹೊರಗೆ ಕಾಣ್ತಿತ್ತು, ಅಂಗಡಿಯವರು ನರ ಅನ್ನೋದು, ನಿಜದಲ್ಲಿ ಅದು ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜು. ಅದನ್ನು ಚಿಮ್ಮಟದಲ್ಲಿ ಹಿಡಿದು ಎಳೆದರು. ಬೆರಳುಗಳು ಮೆಲ್ಲಗೆ ಮುಚ್ಚಿಕೊಂಡವು. ಬಿಟ್ಟರೆ ಸಡಿಲ. ಮುಂದಿನ ಬೆಂಚಿನ ಹುಡುಗಿಯ ಕೈಗೇ ಕೊಟ್ಟರು, ಅವಳೂ ಎಳೆದು ನೋಡಿದಳು. ಆಮೇಲೆ ಹೇಳಿದರು: 'ಹಕ್ಕಿ ಕೊಂಬೆ ಮೇಲೆ ಕೂತಾಗ ಕಾಲು ಮಡಚಿದರೆ ಸಾಕು, ಬೆರಳು ತಾನಾಗಿ ಬಿಗಿಯಾಗುತ್ತೆ ಅಂತ ಪುಸ್ತಕದಲ್ಲಿದೆ, ಅಲ್ವಾ? ಸ್ಟಾರ್ಲಿಂಗ್ ಹಕ್ಕಿಯಲ್ಲಿ ಪರೀಕ್ಷೆ ಮಾಡಿದಾಗ ಹಾಗೆ ಆಗಲಿಲ್ಲ. ಹಾಗಾದರೆ ನಮ್ಮ ಕೋಳಿಯಲ್ಲಿ ನೀವು ಹೇಗೆ ಪರೀಕ್ಷೆ ಮಾಡ್ತೀರಿ?' ಮಕ್ಕಳು ಒಬ್ಬರ ಮಾತಿಗೆ ಇನ್ನೊಬ್ಬರು ಸೇರಿಸುತ್ತಾ ಹೋದರು. 30 ನಿಮಿಷ ಮುಗಿದ ಮೇಲೂ ಯಾರೂ ಏಳಲಿಲ್ಲ.

ಸಂದರ್ಶನದಲ್ಲಿ ವ್ಯಾಖ್ಯೆ ಕೇಳಬೇಡಿ, ಊರಿನ ಪ್ರಶ್ನೆ ಕೇಳಿ. ಜಂಬೂಸವಾರಿಯ ಆನೆ ಸುಮಾರು 750 ಕಿಲೋ ಅಂಬಾರಿ ಹೊರುತ್ತೆ, ತಾಲೀಮಿನಲ್ಲಿ ಮರಳು ಮೂಟೆ ಹೊರಿಸಿ ಭಾರ ಏರಿಸುತ್ತಾ ಹೋಗ್ತಾರೆ. ಆ ಭಾರಕ್ಕೆ ಅದರ ನಡಿಗೆ ಹೇಗೆ ಬದಲಾಗುತ್ತೆ ಅಂತ ಹೇಗೆ ಅಳೀತೀರಿ? ಮೊದಲೇ ದೊಡ್ಡ ಯಂತ್ರದ ಹೆಸರು ಹೇಳುವವರಿದ್ದಾರೆ. ಮೂಟೆ ಇಲ್ಲದ ದಿನ ಅದೇ ಆನೆಯನ್ನು ಅದೇ ದಾರಿಯಲ್ಲಿ ಪಕ್ಕದಿಂದ ವಿಡಿಯೊ ಮಾಡಿಕೊಳ್ತೀನಿ, ಒಂದೊಂದು ಪಾದ ನೆಲದ ಮೇಲೆ ಎಷ್ಟು ಹೊತ್ತು ಇರುತ್ತೆ ನೋಡ್ತೀನಿ, ಮಾವುತರ ಹತ್ತಿರ ಮಾತಾಡ್ತೀನಿ ಅನ್ನುವವರೂ ಇದ್ದಾರೆ. ನನ್ನ ಓಟು ಇವರಿಗೆ. ಆನೆ ಎಷ್ಟೇ ಜೋರಾಗಿ ಹೋದರೂ ನಾಲ್ಕೂ ಕಾಲು ಒಟ್ಟಿಗೆ ನೆಲ ಬಿಡೋದಿಲ್ಲ ಅಂತ ಅವರೇ ಮಾತಿನ ಮಧ್ಯೆ ತಂದರೆ ಇನ್ನೂ ಒಳ್ಳೇದು. ಶರೀರಕ್ರಿಯೆಗೂ ಒಂದು: ಉಳುವ ಎತ್ತಿಗೆ ಎಷ್ಟು ಶಕ್ತಿ ಖರ್ಚಾಗುತ್ತೆ ಅಂತ ಬರೀ ಹೃದಯದ ಬಡಿತ ನೋಡಿ ಹೇಳಬಹುದಾ? ಬಿಸಿಲಿಗೂ ಹೆದರಿಕೆಗೂ ಬಡಿತ ಏರುತ್ತೆ, ಉಸಿರಿನ ಆಮ್ಲಜನಕವನ್ನೂ ಅಳೆಯಬೇಕು ಅನ್ನುವ ಉತ್ತರ ಬರಬೇಕು.

ಕೊನೆಯ ಸುತ್ತಿಗೆ ಉಳಿದವರನ್ನು ಒಂದು ದಿನ ಮಂಡ್ಯದ ಯಾವುದಾದರೂ ಹಟ್ಟಿಗೆ ಕರೆದುಕೊಂಡು ಹೋಗಿ. ನಾವು ಆ ಮೇಡಂ ಅವರನ್ನು ಕರೆದುಕೊಂಡು ಹೋದಾಗ ಎತ್ತಿನ ಯಜಮಾನರು 'ಇದು ಹಿಂದಿನ ಎಡಗಾಲು ಸರಿಯಾಗಿ ಊರ್ತಿಲ್ಲ ನೋಡಿ ಸಾ' ಅಂತ ನನಗೆ ಹೇಳಿದರು. ನನಗೆ ಏನೂ ಕಾಣಲಿಲ್ಲ. ಮೇಡಂ ಆಗಲೇ ಕುಕ್ಕರಗಾಲಲ್ಲಿ ಕೂತು ಗೊರಸಿನ ಗುರುತು ನೋಡ್ತಿದ್ದರು.

ಒಪ್ಪಿಕೊಂಡ ಮೇಲೆ ಬಾಯಿಮಾತು ಸಾಲದು. ಎಷ್ಟು ದುಡ್ಡು, ಯಾವ ಕೋಣೆ, ಎಷ್ಟು ಸಂಶೋಧನಾ ವಿದ್ಯಾರ್ಥಿಗಳು, ಎಲ್ಲ ಬರವಣಿಗೆಯಲ್ಲಿ ಕೊಡಿ. ಪ್ರಾಣಿ ಪ್ರಯೋಗಕ್ಕೆ ಸಂಸ್ಥೆಯ ನೈತಿಕ ಸಮಿತಿ ಒಪ್ಪಬೇಕು. ಕಾಡುಪ್ರಾಣಿ ಹಿಡಿಯಬೇಕಾದರೆ 1972ರ ವನ್ಯಜೀವಿ ಕಾಯ್ದೆಯಡಿ ಅನುಮತಿ ಬೇಕು. ಇದಕ್ಕೆಲ್ಲ ತಿಂಗಳುಗಟ್ಟಲೆ ಹಿಡಿಯುತ್ತೆ, ಅವರು ಬರುವ ಮೊದಲೇ ಯಾರಿಗೆ ಏನು ಬರೆಯಬೇಕು ಅಂತ ತಿಳಿದಿಟ್ಟುಕೊಳ್ಳಿ. ಕೋಣೆ ಮಾತ್ರ ನೆಲಮಹಡಿಯಲ್ಲೇ ಇರಲಿ. ಹೆಜ್ಜೆಯ ಬಲ ಅಳೆಯುವ ಫೋರ್ಸ್ ಪ್ಲೇಟ್‌ಗೆ ಅದುರದ ನೆಲ ಬೇಕು, ಪಕ್ಕದಲ್ಲಿ ಜನರೇಟರ್ ಇರಬಾರದು. ಗುಂಡಿ ತೋಡಿಸಿ ಕಾಂಕ್ರೀಟ್ ಹಾಕಿಸಿ, ಅವರು ಸೇರುವ ಹೊತ್ತಿಗೆ ಕ್ಯೂರಿಂಗ್ ಮುಗಿದಿರಲಿ.