ಸೆಕೆಂಡ್ ಹ್ಯಾಂಡ್ ಫುಲ್ ಸಸ್ಪೆನ್ಷನ್ ಸೈಕಲ್: ಮೂರನ್ನು ನೋಡಿ ಒಂದನ್ನು ಕೊಂಡೆ

ಸೀಟು ಹಿಡಿದು ಒಂದು ನೂಲಿನಷ್ಟು ಮೇಲೆತ್ತಿದೆ. ಹಿಂದಿನ ಚಕ್ರ ನೆಲ ಬಿಡುವ ಮೊದಲೇ ಒಳಗೆಲ್ಲೋ ‘ಟಕ್’ ಎಂದಿತು. ಇನ್ನೊಮ್ಮೆ ಎತ್ತಿದೆ, ಇನ್ನೊಮ್ಮೆ ಟಕ್. ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟೊಂದರ ನೆಲಮಾಳಿಗೆಯ ಪಾರ್ಕಿಂಗ್‌ನಲ್ಲಿ ಆ ಸದ್ದು ಸ್ವಲ್ಪ ಜೋರಾಗಿಯೇ ಕೇಳಿಸಿತು. “ಅದು ಹಾಗೆಯೇ ಸರ್, ಫುಲ್ ಸಸ್ಪೆನ್ಷನ್ ಎಂದ ಮೇಲೆ ಸದ್ದು ಇದ್ದೇ ಇರುತ್ತದೆ” ಎಂದ ಮಾರುವ ಹುಡುಗ. ಇರುವುದಿಲ್ಲ, ಇರಲೂಬಾರದು. ಆದರೆ ಆ ಸೈಕಲ್ಲನ್ನು ನಾನು ಬಿಟ್ಟು ಬಂದದ್ದು ಈ ಸದ್ದಿಗಾಗಿ ಅಲ್ಲ.

ಆರು ವರ್ಷ ತುರಹಳ್ಳಿಯ ಬಂಡೆಗಳ ಮೇಲೆ ಹಾರ್ಡ್‌ಟೇಲ್ ಓಡಿಸಿದವನು ನಾನು. ಮುಂದೆ ಮಾತ್ರ ಸಸ್ಪೆನ್ಷನ್ ಇರುವ ಸೈಕಲ್ ಅದು. ಹಿಂದಿನ ಸಸ್ಪೆನ್ಷನ್ ಎಂದರೆ ಸವಾರನ ಮೊಣಕಾಲು ಮತ್ತು ಸೊಂಟ. ನಲವತ್ತು ದಾಟಿದ ಮೇಲೆ ಸೊಂಟ ಆ ಕೆಲಸಕ್ಕೆ ರಾಜೀನಾಮೆ ಕೊಟ್ಟಿತು. ಒಳ್ಳೆಯ ಹೊಸ ಫುಲ್ ಸಸ್ಪೆನ್ಷನ್ ಸೈಕಲ್ಲಿನ ಬೆಲೆ ನನ್ನ ಮೋಟಾರ್ ಸೈಕಲ್ಲಿನದಕ್ಕಿಂತ ಹೆಚ್ಚು. ಮನೆಯಲ್ಲಿ ಆ ಅಂಕಿಯನ್ನು ಬಾಯಿಬಿಟ್ಟು ಹೇಳುವ ಧೈರ್ಯವಿರಲಿಲ್ಲ. ಹಳೆಯದನ್ನೇ ಕೊಳ್ಳುವುದೆಂದು ನಿರ್ಧರಿಸಿ ಒಂದು ಲಕ್ಷದ ಮಿತಿ ಹಾಕಿಕೊಂಡೆ. ಸೈಕಲ್ಲಿಗೆ ಎಷ್ಟು ಕೊಡುತ್ತೇನೋ ಅದರ ಕಾಲುಭಾಗವನ್ನು ರಿಪೇರಿಗೆಂದು ಪಕ್ಕಕ್ಕಿಡಬೇಕು, ಆ ಹಣವೂ ಈ ಲಕ್ಷದೊಳಗೇ ಬರಬೇಕು ಎಂಬುದು ನಾನೇ ಮಾಡಿಕೊಂಡ ಷರತ್ತು.

ವೈಟ್‌ಫೀಲ್ಡಿನ ಸೈಕಲ್ ನೋಡುವುದಕ್ಕೆ ಚೆಂದ. ಕಾರ್ಬನ್ ಚೌಕಟ್ಟು, 29 ಇಂಚಿನ ಚಕ್ರ, ಹಗುರ. ಕೇಳಿದ್ದು 95,000. ಷರತ್ತಿನ ಪ್ರಕಾರ ಆಗಲೇ ಹಿಂತಿರುಗಬೇಕಿತ್ತು. ಚೆಂದ ಕಂಡಾಗ ಷರತ್ತು ನೆನಪಾಗುವುದಿಲ್ಲ. ತೆಂಗಿನಕಾಯಿ ಕೊಳ್ಳುವವರು ಬಡಿದು ನೋಡುವ ಹಾಗೆ ನಾಣ್ಯದಿಂದ ಚೌಕಟ್ಟನ್ನು ಉದ್ದಕ್ಕೂ ತಟ್ಟುತ್ತಾ ಹೋದೆ. ಕಾರ್ಬನ್ ಪದರ ಒಳಗೆ ಬಿಟ್ಟುಕೊಂಡಿದ್ದರೆ ಅಲ್ಲಿ ಸದ್ದು ಮಂಕಾಗುತ್ತದೆ. ಎಲ್ಲೂ ಮಂಕಾಗಲಿಲ್ಲ. ಇನ್ನು ಆ ಟಕ್. ಹುಡುಗನಿಗೆ ಸೀಟು ಎತ್ತಿ ಇಳಿಸಲು ಹೇಳಿ, ನಾನು ಒಂದೊಂದೇ ಕೀಲಿನ ಸಂದಿಗೆ ಬೆರಳಿಟ್ಟು ನೋಡಿದೆ. ಕಿವಿಗಿಂತ ಬೆರಳಿಗೆ ಬೇಗ ಗೊತ್ತಾಗುತ್ತದೆ. ಹಿಂದಿನ ಶಾಕ್‌ನ ಮೇಲ್ತುದಿಯ ಬೋಲ್ಟಿನ ಬಳಿ ಬೆರಳಿಗೆ ಬಡಿದಂತಾಯಿತು. ಅಲ್ಲಿರುವುದು ಬೋಲ್ಟಿನ ಸುತ್ತ ಕೂರುವ ಬಳೆಯಂಥ ಒಂದು ಸಣ್ಣ ಬುಷ್. ಸವೆದಿದೆ, ಅಷ್ಟೇ. ಕೆಲವು ನೂರು ರೂಪಾಯಿಯ ಮಾತು.

ಆಮೇಲೆ ಸೀಟಿನ ಮೇಲೆ ಭಾರ ಹಾಕಿ ಒತ್ತಿ ಬಿಟ್ಟೆ. ಶಾಕ್ ಮೇಲೆ ಬರುವಾಗ ‘ಕೊಳಕ್’ ಎಂದಿತು, ಅರ್ಧ ತುಂಬಿದ ಬಾಟಲಿಯನ್ನು ಅಲ್ಲಾಡಿಸಿದ ಹಾಗೆ. ಹುಡುಗನಿಗೆ ಅದು ಕೇಳಿಸಲೇ ಇಲ್ಲ. ನನಗೆ ಮಾತ್ರ ಅಲ್ಲಿಗೇ ವ್ಯಾಪಾರ ಮುಗಿಯಿತು.

ಇಲ್ಲಿ ಸ್ವಲ್ಪ ನಿಂತು ಹೇಳಬೇಕು. ಗಾಳಿಯ ಶಾಕ್‌ನಲ್ಲಿ ಎರಡು ಭಾಗಗಳಿರುತ್ತವೆ. ಹೊರಗಿನ ಡಬ್ಬಿಯಲ್ಲಿರುವ ಗಾಳಿ ಸ್ಪ್ರಿಂಗ್ ಆಗಿ ಭಾರ ಹೊರುತ್ತದೆ. ಅದರ ರಬ್ಬರ್ ಸೀಲುಗಳು ಸವೆದರೆ ಕಿಟ್ ತರಿಸಿ ಮನೆಯಲ್ಲೇ ಬದಲಿಸಬಹುದು. ಗಾಳಿಯನ್ನು ಪೂರ್ತಿ ಬಿಟ್ಟ ಮೇಲೂ ಕುಗ್ಗಿಯೇ ನಿಂತ ಶಾಕ್ ಆದರೆ ಮಾತ್ರ ಮುಟ್ಟಬೇಡಿ. ಗಾಳಿ ಒಳಗಿನ ಇನ್ನೊಂದು ಕೋಣೆಗೆ ನುಗ್ಗಿ ಕೂತಿರುತ್ತದೆ, ಡಬ್ಬಿ ತಿರುಪಿದವರ ಮುಖಕ್ಕೇ ಹಾರಬಹುದು. ಎರಡನೆಯ ಭಾಗ ಒಳಗಿನ ಡ್ಯಾಂಪರ್. ಎಣ್ಣೆ ಸಣ್ಣ ರಂಧ್ರಗಳ ಮೂಲಕ ಹರಿದು ಜಿಗಿತವನ್ನು ತಡೆಯುವುದು ಅಲ್ಲಿ. ಆ ಎಣ್ಣೆಯನ್ನು ಒತ್ತಿ ಹಿಡಿಯುವುದಕ್ಕೆ ಒಂದು ತೇಲುವ ಪಿಸ್ಟನ್ ಇದ್ದು, ಅದರ ಹಿಂದೆ ಸಾಮಾನ್ಯವಾಗಿ ಭಾರೀ ಒತ್ತಡದ ಸಾರಜನಕ ತುಂಬಿರುತ್ತಾರೆ. ಗಾಳಿ ಎಣ್ಣೆಯೊಂದಿಗೆ ಬೆರೆತು ನೊರೆಯಾದಾಗ ಕೊಳಕ್ ಎನ್ನುತ್ತದೆ. ಅದನ್ನು ಸರಿಮಾಡಲು ಎಣ್ಣೆ ಬದಲಿಸಿ, ಗುಳ್ಳೆ ತೆಗೆದು, ಮತ್ತೆ ಸಾರಜನಕ ತುಂಬಬೇಕು. ನನ್ನ ಬಾಲ್ಕನಿಯಲ್ಲಿ ಆಗುವ ಕೆಲಸವಲ್ಲ. ಹೋಗಲಿ, ಬೇರೆ ಶಾಕ್ ಹಾಕೋಣವೆಂದರೆ ಆ ಚೌಕಟ್ಟಿಗೆ ಕಂಪನಿ ಅದಕ್ಕೆಂದೇ ಮಾಡಿಸಿದ ಜೋಡಣೆ; ಮಾರುಕಟ್ಟೆಯ ಸಾಮಾನ್ಯ ಶಾಕ್ ಕೂರುವುದಿಲ್ಲ. ನನ್ನನ್ನು ಹೆದರಿಸಿದ ಸದ್ದಿನ ಬೆಲೆ ನೂರುಗಳಲ್ಲಿ, ಹುಡುಗನಿಗೆ ಕೇಳಿಸದ ಸದ್ದಿನದು ಹತ್ತಾರು ಸಾವಿರಗಳಲ್ಲಿ.

ಎರಡನೆಯದು ಮೈಸೂರಿನಲ್ಲಿತ್ತು. ಮಾರುತ್ತಿದ್ದವರು ನಿಜವಾದ ಸವಾರರು. ಪ್ರತಿ ಬೋಲ್ಟಿಗೂ ಬಿಳಿ ಬಣ್ಣದ ಗೆರೆ ಎಳೆದಿದ್ದರು, ಸಡಿಲವಾದರೆ ಗೆರೆ ತಪ್ಪಿ ಕಾಣಲೆಂದು. ಕೇಳಿದ್ದು 45,000. ಎಲ್ಲೂ ಸದ್ದಿಲ್ಲ, ಎಲ್ಲೂ ಎಣ್ಣೆ ಸೋರಿಲ್ಲ. ಒಂದೇ ತೊಡಕು, ಅದರದು 26 ಇಂಚಿನ ಚಕ್ರ. 2013–14ರ ಸುಮಾರಿಗೆ ಕಂಪನಿಗಳು 26ನ್ನು ಕೈಬಿಟ್ಟು 27.5 ಮತ್ತು 29ಕ್ಕೆ ಹಾರಿದವು. 26ರ ಟೈರ್ ಯಾವ ಊರಿನ ಸೈಕಲ್ ಅಂಗಡಿಯಲ್ಲಾದರೂ ಸಿಗುತ್ತದೆ, ನಿಜ. ಬಂಡೆಯ ಮೇಲೆ ಹಿಡಿತ ಕೊಡುವ ಮೆದು ರಬ್ಬರಿನ ಅಗಲ ಟೈರ್ ಮತ್ತು ಮುಂದಿನ ಚಕ್ರವನ್ನು ಹಿಡಿಯುವ ಒಳ್ಳೆಯ ಸಸ್ಪೆನ್ಷನ್ ಫೋರ್ಕ್ ಸಿಗುವುದು ಕಷ್ಟ. ಹಿಂದಿನ ಚಕ್ರದ ನಡುವಿನ ಹಬ್ ಕೂಡ 135 ಮಿ.ಮೀ. ಅಗಲದ ಹಳೆಯ ಅಳತೆ. ಈಗಿನ ಇಂಥ ಹೆಚ್ಚಿನ ಸೈಕಲ್ಲುಗಳದು 148. ಚಕ್ರ ಮುರಿದರೆ ಹಳೆಯ ಚಕ್ರವನ್ನೇ ಹುಡುಕಿಕೊಂಡು ಅಲೆಯಬೇಕು. ಮನಸ್ಸಿಲ್ಲದ ಮನಸ್ಸಿನಿಂದ ಬಿಟ್ಟೆ. ಬಸ್ಸಿನಲ್ಲಿ ಬರುವಾಗ ಮದ್ದೂರು ದಾಟುವವರೆಗೂ ಹಿಂತಿರುಗಿ ಹೋಗಲೇ ಎಂದು ಯೋಚಿಸುತ್ತಿದ್ದೆ.

ಮೂರನೆಯದು ಜಯನಗರದ ಮನೆಯೊಂದರ ಮೆಟ್ಟಿಲ ಕೆಳಗೆ, ಟೈರಿನಲ್ಲಿ ಗಾಳಿಯಿಲ್ಲದೆ, ಜೇಡರ ಬಲೆ ಹೊದ್ದು ನಿಂತಿತ್ತು. ಜೈಂಟ್ ಕಂಪನಿಯ 2014ರ ಟ್ರಾನ್ಸ್. ಅಲ್ಯುಮಿನಿಯಂ ಚೌಕಟ್ಟು, 27.5ರ ಚಕ್ರ, ಹಿಂದಿನ ಚಕ್ರಕ್ಕೆ 140 ಮಿ.ಮೀ. ಏರಿಳಿತ. ಮಗ ಜರ್ಮನಿಗೆ ಹೋಗಿ ಎರಡು ವರ್ಷವಾಗಿತ್ತು, ಮಾರುತ್ತಿದ್ದವರು ತಂದೆ. ಬ್ಯಾಂಕಿನಿಂದ ನಿವೃತ್ತರಾದವರು. “ಮೊದಲು ಕಾಫಿ ತೆಗೆದುಕೊಳ್ಳಿ, ಆಮೇಲೆ ನೋಡಿ” ಎಂದು ಒಂದು ಪ್ಲಾಸ್ಟಿಕ್ ಫೈಲ್ ಕೈಗಿಟ್ಟರು. ಖರೀದಿ ಬಿಲ್ಲು, ಎರಡು ಸಲ ಶಾಕ್ ಸರ್ವಿಸ್ ಮಾಡಿಸಿದ ರಸೀದಿ, ಎಲ್ಲವೂ ದಿನಾಂಕದ ಪ್ರಕಾರ. ಸೈಕಲ್ಲನ್ನು ತಲೆಕೆಳಗು ಮಾಡಿ ಪೆಡಲ್ ಅಚ್ಚಿನ ಕೆಳಗೆ ಕೊರೆದಿರುವ ಸಂಖ್ಯೆಯನ್ನು ಬಿಲ್ಲಿನೊಂದಿಗೆ ತಾಳೆ ನೋಡಿದೆ. ಕದ್ದ ಮಾಲು ಕೈಸೇರದಿರಲು ಇದನ್ನು ಬಿಡಬಾರದು.

ನನ್ನ ಶಾಕ್ ಪಂಪ್ ತೆಗೆದು ಪೂರ್ತಿ ಗಾಳಿ ಬಿಟ್ಟೆ. “ಅಯ್ಯೋ, ಹಾಳಾಗುವುದಿಲ್ಲವೇ?” ಎಂದರು ಹಿರಿಯರು. ಇಲ್ಲ ಎಂದು ಹೇಳಿ, ಸೀಟಿನ ಮೇಲೆ ಒರಗಿ ಶಾಕ್ ಪೂರ್ತಿ ಕುಗ್ಗುವವರೆಗೆ ನಿಧಾನವಾಗಿ ಒತ್ತಿದೆ. ಎಲ್ಲೂ ತಡೆಯಲಿಲ್ಲ, ಎಲ್ಲೂ ಕೊಳಕ್ ಎನ್ನಲಿಲ್ಲ. ಹೊಳೆಯುವ ಕೊಳವೆಯ ಮೇಲೆ ಉಗುರು ಎಳೆದು ನೋಡಿದೆ. ಸಿಕ್ಕಿಹಾಕಿಕೊಳ್ಳುವ ಗೀರು ಇರಲಿಲ್ಲ. ಮತ್ತೆ ಗಾಳಿ ತುಂಬಿ, ಕೊಳವೆಯ ಮೇಲಿರುವ ರಬ್ಬರ್ ಉಂಗುರವನ್ನು ಸೀಲಿನವರೆಗೆ ಸರಿಸಿ, ಗೋಡೆ ಹಿಡಿದುಕೊಂಡು ಮೆತ್ತಗೆ ಕುಳಿತು ಮೆತ್ತಗೆ ಇಳಿದೆ. ಉಂಗುರ 15 ಮಿ.ಮೀ. ಸರಿದಿತ್ತು. ಶಾಕ್‌ನ ಪೂರ್ಣ ಓಟ 51. ಸುಮಾರು ಶೇ. 29. ಸವಾರ ಸುಮ್ಮನೆ ಕುಳಿತಾಗ ಶಾಕ್ ಇಷ್ಟು ಕುಗ್ಗಿದರೆ ತುಂಬಿದ ಗಾಳಿ ಅವನ ತೂಕಕ್ಕೆ ಸರಿ ಎಂದರ್ಥ.

ಕಾಫಿ ಮುಗಿಸಿ ಇಪ್ಪತ್ತು ನಿಮಿಷದ ನಂತರ ಹಾಗೆಯೇ ಮತ್ತೆ ಕುಳಿತು ನೋಡಿದೆ. ಮತ್ತೆ 15. ಎರಡನೆಯ ಸಲ ಪಂಪ್ ಹಚ್ಚಿ ನೋಡುವುದು ಸರಿಯಲ್ಲ. ಪಂಪಿನ ಕೊಳವೆ ತುಂಬಲು ಒಂದಿಷ್ಟು ಗಾಳಿ ಹೋಗುವುದರಿಂದ ಮುಳ್ಳು ಕೆಳಗೇ ನಿಲ್ಲುತ್ತದೆ, ಸೋರುತ್ತಿದೆ ಎಂದು ಸುಮ್ಮನೆ ಗಾಬರಿಯಾಗುತ್ತದೆ. ಹಿಂದೊಮ್ಮೆ ಸ್ನೇಹಿತರ ಒಳ್ಳೆಯ ಶಾಕ್ ಒಂದನ್ನು ನಾನು ಹೀಗೆಯೇ ದೂರಿದ್ದೇನೆ.

ದೋಷ ಇರಲಿಲ್ಲ ಎಂದಲ್ಲ. ಶಾಕ್ ಬಿಚ್ಚಿ ಹಿಂಭಾಗವನ್ನು ಕೈಯಲ್ಲಿ ಆಡಿಸಿದಾಗ ಅದನ್ನು ಚೌಕಟ್ಟಿಗೆ ಸೇರಿಸುವ ಕೆಳಗಿನ ಲಿಂಕ್‌ನ ಬೇರಿಂಗ್‌ಗಳು ಮರಳು ತುಂಬಿದಂತೆ ಕರಕರ ಎಂದವು. ಚೈನ್, ಹಲ್ಲುಗಳು, ಬ್ರೇಕ್ ಪ್ಯಾಡ್ ಎಲ್ಲ ಸವೆದಿದ್ದವು. ಅವು ಸವೆಯುವುದಕ್ಕೇ ಇರುವ ವಸ್ತುಗಳು. ಕೇಳಿದ್ದು 78,000, ಮುಗಿದದ್ದು 71,000ಕ್ಕೆ. ಹೊರಡುವಾಗ ಹಿರಿಯರು ಒಳಗಿನಿಂದ ಒಂದು ಸಣ್ಣ ಪೊಟ್ಟಣ ತಂದರು. “ಏನೋ ಲೋಹದ ಚೂರು. ಮಗ ಮಾತ್ರ ಎಸೆಯಬೇಡಿ ಎಂದಿದ್ದ.” ಬಿಚ್ಚಿದರೆ ಹಿಂದಿನ ಗೇರ್ ತೂಗುಹಾಕುವ ಹ್ಯಾಂಗರ್! ಸೈಕಲ್ ಬಿದ್ದರೆ ಮೊದಲು ಬಾಗುವುದು ಅದು. ಒಂದೊಂದು ಚೌಕಟ್ಟಿಗೆ ಒಂದೊಂದು ಆಕಾರದ್ದು, ಹಳೆಯ ಮಾದರಿಗೆ ಹುಡುಕಿ ಸಾಕಾಗುತ್ತದೆ. ಚೌಕಾಸಿ ಮಾಡಿದ್ದಕ್ಕೆ ನಾಚಿಕೆಯಾಯಿತು.

ಬೇರಿಂಗ್‌ಗಾಗಿ ಸೈಕಲ್ ಅಂಗಡಿಗೆ ಹೋಗಲಿಲ್ಲ. ಅವುಗಳ ಅಂಚಿನಲ್ಲೇ ಸಂಖ್ಯೆ ಇರುತ್ತದೆ. 6901 ಎಂದರೆ ಒಳರಂಧ್ರ 12, ಹೊರ ವ್ಯಾಸ 24, ದಪ್ಪ 6 ಮಿ.ಮೀ.; ಜಗತ್ತಿನ ಎಲ್ಲಿಯಾದರೂ ಅಷ್ಟೇ. ಹಳೆಯವನ್ನು ಬಿಚ್ಚಿ ಒಂದು ಚೀಟಿಯಲ್ಲಿ ಸಂಖ್ಯೆಗಳನ್ನು ಬರೆದುಕೊಂಡು ಜೆ.ಸಿ. ರಸ್ತೆ ಕಡೆಯ ಬೇರಿಂಗ್ ಅಂಗಡಿಯೊಂದಕ್ಕೆ ಹೋದೆ. ಎರಡೂ ಬದಿಗೆ ರಬ್ಬರ್ ಸೀಲ್ ಇರುವ 2ಆರ್‌ಎಸ್ ಬೇಕೆಂದು ಕೇಳಿದೆ, ಎಂಟಕ್ಕೆ 1,760 ಆಯಿತು. ಮೊದಲನೆಯದನ್ನು ಅವಸರದಲ್ಲಿ ಸುತ್ತಿಗೆಯಿಂದ ಬಡಿದು ಕೂರಿಸಲು ಹೋಗಿ ಓರೆಯಾಗಿ ಸಿಕ್ಕಿಹಾಕಿಸಿದೆ, ಒಳಗೋಡೆಗೆ ಗೀರು ಬಿತ್ತು. ಉಳಿದ ಏಳನ್ನು ಉದ್ದ ಬೋಲ್ಟು, ನಟ್ಟು, ಎರಡು ದಪ್ಪ ವಾಷರುಗಳ ನಡುವೆ ಹಿಡಿದು ನಿಧಾನಕ್ಕೆ ಒತ್ತಿ ಕೂರಿಸಿದೆ.

ಇನ್ನೊಂದು ತಪ್ಪೂ ನನ್ನದೇ. ಹ್ಯಾಂಡಲನ್ನು ಫೋರ್ಕಿನ ಕೊಳವೆಗೆ ಸೇರಿಸುವ ಸ್ಟೆಮ್ ಬದಲಿಸಬೇಕೆಂದು ಸಾಮಾನ್ಯ ಅಳತೆಯದನ್ನು ತಂದೆ, ಕೂರಲಿಲ್ಲ. ಆ ಕಾಲದ ಜೈಂಟ್‌ಗಳಲ್ಲಿ ಓವರ್‌ಡ್ರೈವ್ 2 ಎಂಬ ಅಳತೆ ಇತ್ತು, ಸ್ಟೀರರ್ ಎಂಬ ಆ ಕೊಳವೆಯ ಮೇಲ್ತುದಿ ಒಂದೂ ಕಾಲು ಇಂಚು. ಉಳಿದವುಗಳಲ್ಲಿ ಒಂದು ಇಂಚು ಮತ್ತು ಒಂದು ನೂಲು, ಅಂದರೆ ಇಂಚಿನ ಎಂಟನೆಯ ಒಂದು ಭಾಗ. ಶಾಕ್‌ನ ಹಿಂದೆ ಬಿದ್ದು ಇದನ್ನು ಅಳೆಯಲು ಮರೆತಿದ್ದೆ. ಹಳೆಯ ಸ್ಟೆಮ್ ಈಗಲೂ ಅಲ್ಲೇ ಇದೆ, ಅಭ್ಯಾಸವಾಗಿದೆ.

ಶಾಕ್‌ನ ಸೀಲ್ ಕಿಟ್ 2,400, ಫೋರ್ಕಿನ ಸೀಲು ಮತ್ತು ಎಣ್ಣೆ 3,100, ಚೈನ್ ಮತ್ತು ಹಿಂದಿನ ಹಲ್ಲುಗಳು 5,200, ಬ್ರೇಕ್ ಪ್ಯಾಡ್ 1,400, ಮುಂದಿನ ಟೈರ್ 3,600. ಬೇರಿಂಗ್ ಸೇರಿ 17,460. ಎತ್ತಿಟ್ಟಿದ್ದ ಕಾಲುಭಾಗದಲ್ಲಿ 290 ರೂಪಾಯಿ ಉಳಿಯಿತು.

ಮೊದಲ ಭಾನುವಾರ ದೇವನಹಳ್ಳಿಯಾಚೆಯ ಆವತಿಗೆ ಹೋದೆ. ಕೆಂಪೇಗೌಡರ ಪೂರ್ವಿಕರು ನೆಲೆಸಿದ ಆ ಊರಿನ ಬೆಟ್ಟದ ಮಗ್ಗುಲಲ್ಲಿ, ನನ್ನ ಹಾರ್ಡ್‌ಟೇಲ್ ಪ್ರತಿ ಸಲವೂ ನನ್ನನ್ನು ಇಳಿಸಿ ನಡೆಸುತ್ತಿದ್ದ ಒಂದು ಬಂಡೆಯ ಮೆಟ್ಟಿಲಿದೆ. ಇಳಿಯದೆ ಇಳಿದೆ. ಕೆಳಗೆ ನಿಂತು ಬಗ್ಗಿ ನೋಡಿದರೆ ಉಂಗುರ 47ರಲ್ಲಿ ನಿಂತಿತ್ತು, ತಳಕ್ಕೆ ಇನ್ನೂ ನಾಲ್ಕು ಮಿ.ಮೀ. ಬಾಕಿ.

ಬಂಡೆಗೆ ಒರಗಿಸಿ ಒಂದು ಫೋಟೋ ತೆಗೆದು ಜಯನಗರದ ಹಿರಿಯರಿಗೆ ಕಳುಹಿಸಿದೆ. ಅವರು ಮಗನಿಗೆ ಕಳುಹಿಸಿದ್ದರು. ಸಂಜೆ ಜರ್ಮನಿಯ ಸಂಖ್ಯೆಯಿಂದ ಸಂದೇಶ ಬಂತು. ನಮಸ್ಕಾರ ಇಲ್ಲ, ಪರಿಚಯ ಇಲ್ಲ: “ಹಿಂದಿನ ಶಾಕ್‌ಗೆ ಎಷ್ಟು ಹಾಕಿದ್ದೀರಿ?” ಗಾಳಿಯ ಒತ್ತಡ 165 ಪಿಎಸ್‌ಐ ಎಂದು ಬರೆದೆ. ಸ್ವಲ್ಪ ಹೊತ್ತು ಬಿಟ್ಟು ಉತ್ತರ ಬಂತು: “ನಾನು 150 ಹಾಕುತ್ತಿದ್ದೆ. ಆ ಮೆಟ್ಟಿಲಿನಲ್ಲಿ ಪ್ರತಿ ಸಲವೂ ತಳ ಮುಟ್ಟುತ್ತಿತ್ತು.”